ಮಾತು ತುಂಡಾದರೆ ಭಾರ ಕೆಳಗೆ

ಟೈರ್ ಅಂಗಡಿಯ ಮೇಲಿನ ಆ ಕೋಣೆ ಬೆಳಗಿನ ಹೊತ್ತು ಹೆಂಗಸರ ವ್ಯಾಯಾಮಶಾಲೆ. ಈಗಲೂ ಎಲ್ಲಾದರೂ ಹೊಸ ರಬ್ಬರಿನ ವಾಸನೆ ಬಂದರೆ ನನಗೆ ಅತ್ತಿಗೆಯ ನಗು ಕೇಳಿಸುತ್ತದೆ.

ಅತ್ತಿಗೆ ನನ್ನ ಓರಗೆಯವಳೇ. ಅವಳಿಗೆ ಅಗ್ನಿಶಾಮಕ ದಳ ಸೇರುವ ಹುಚ್ಚು. ಹಿಂದಿನ ವರ್ಷದ ಪರೀಕ್ಷೆಯಲ್ಲಿ, ಒಂದಾಳಿನ ತೂಕದ ಮರಳುಬೊಂಬೆಯನ್ನು ಹೊತ್ತು ಮೈದಾನ ದಾಟುವಾಗ, ಸುಸ್ತಾಗಿ ಬೆನ್ನು ಬಗ್ಗಿಸಿ ಸೊಂಟ ಹಿಡಿಸಿಕೊಂಡಿದ್ದಳು. ಈ ವರ್ಷ ತಪ್ಪಿದರೆ ವಯಸ್ಸು ಮೀರುತ್ತಿತ್ತು.

"ಸಾಕು ಬಿಡೇ, ಮನೆ ಒಲೆ ಆರಿಸಿದ್ರೆ ಸಾಲದಾ?" ಎಂದು ಅಣ್ಣ ರೇಗಿಸುತ್ತಿದ್ದ.

"ದಿನಾ ಹಾಲು ಉಕ್ಕಿಸೋರು ನೀವು. ನಿಮ್ಮನ್ನ ಕಟ್ಕೊಂಡ ಮೇಲೆ ಬೆಂಕಿ ಆರಿಸೋದು ಕಲೀಲೇಬೇಕು."

ನಮಗೆ ಕಲಿಸುತ್ತಿದ್ದವರನ್ನು ಎಲ್ಲರೂ ಕೋಚಮ್ಮ ಎನ್ನುತ್ತಿದ್ದರು. ಮೈಯಲ್ಲಿ ಕಸುವಿರುವಾಗ ಎಲ್ಲರ ಬೆನ್ನೂ ನೆಟ್ಟಗಿರುತ್ತದೆ, ದಣಿದ ಮೇಲೆಯೇ ಕಲಿಯಬೇಕಾದದ್ದು ಎನ್ನುವುದು ಅವರ ಮಾತು. ಅದಕ್ಕೆ ಅವರದೊಂದು ಕ್ರಮವಿತ್ತು. ಭಾರ ಎತ್ತಿ ನೆಲಕ್ಕಿಟ್ಟಾಗಲೆಲ್ಲ ಒಂದು ಪೂರ್ತಿ ಮಾತು ಆಡಬೇಕು. ಏನಾದರೂ ಸರಿ, ಊರ ಹರಟೆಯಾದರೂ ಸರಿ. ಮಾತು ನಡುವೆ ತುಂಡಾಯಿತೆಂದರೆ ಉಸಿರು ಕೈಕೊಟ್ಟಿದೆ, ಮುಂದಿನ ಸರದಿ ಬೆನ್ನಿನದು. ಕೂಡಲೇ ನಿಲ್ಲಿಸಿ, ಉಸಿರು ತೆಗೆದುಕೊಂಡು, ಪಾದದಿಂದ ಶುರುಮಾಡಿ ನಿಲುವನ್ನು ಮತ್ತೆ ಸರಿಮಾಡಿಕೊಳ್ಳಬೇಕು.

"ನಮ್ಮತ್ತೆ ನಿನ್ನೆ ಕನ್ನಡಕ ಹುಡುಕಿದ್ರು," ಎನ್ನುವಳು ಅತ್ತಿಗೆ. ಎತ್ತುವಳು, ಇಡುವಳು. "ಹುಡುಕಿದ್ದು ಕನ್ನಡಕ ಹಾಕ್ಕೊಂಡೇ." ಮತ್ತೆ ಎತ್ತುವಳು, ಇಡುವಳು. "ಸಿಕ್ಕಿದ್ಮೇಲೆ... ನನ್ನ..."

"ನಿಲ್ಸು," ಎನ್ನುವರು ಕೋಚಮ್ಮ.

"ಇನ್ನೊಂದೇ ಒಂದು, ಕೋಚಮ್ಮಾ!"

"ಆ ಒಂದರಲ್ಲೇ ಹೋದ ವರ್ಷ ಮಲಗಿದ್ದು. ಹಿಮ್ಮಡಿ ಊರು. ಮಂಡಿ ಬಗ್ಸು. ಭಾರ ಮೈಗೆ ಅಂಟಿರಲಿ, ಅತ್ತೇನ ಇಟ್ಟ ಹಂಗೆ ದೂರ ಇಡ್ಬೇಡ."

ನಾವು ನಕ್ಕು ನಕ್ಕು ಗೋಡೆಗೊರಗುತ್ತಿದ್ದೆವು. ಹಾಗೆ ನಗುವುದಕ್ಕಾದರೂ ಇನ್ನೊಮ್ಮೆ ಆ ಮೆಟ್ಟಿಲು ಹತ್ತಬೇಕೆನಿಸುತ್ತದೆ.

ಪರೀಕ್ಷೆಯ ದಿನ ನಾನು, ಅಣ್ಣ ಬೇಲಿಯಾಚೆ ನಿಂತಿದ್ದೆವು. ಏಣಿ ಹತ್ತಿಳಿದು, ನೀರಿನ ಪೈಪು ಎಳೆದು, ಕೊನೆಗೆ ಬೊಂಬೆ ಹೊತ್ತು, ಸಮಯ ಮುಗಿದ ಸೀಟಿ ಊದುವ ಮೊದಲು ಮೈದಾನದ ಕೊನೆಯ ಗೆರೆ ದಾಟಬೇಕು. ಬೊಂಬೆಯ ಹತ್ತಿರ ಬರುವಷ್ಟರಲ್ಲಿ ಅತ್ತಿಗೆಯ ಮುಖ ಬಿಳಿಚಿಕೊಂಡಿತ್ತು. ಆದರೂ ಹೆಗಲಿಗೇರಿಸಿಕೊಂಡು ಹೊರಟಳು. ಗೆರೆ ಇನ್ನೇನು ಹತ್ತಿರ ಬಂತು ಅನ್ನುವಾಗ ತುಟಿ ಅಲ್ಲಾಡಿ ನಿಂತಿತು. ಮಾತು ಹೊರಡಲಿಲ್ಲ. ಅವಳು ಬೊಂಬೆಯನ್ನು ನೆಲಕ್ಕಿಳಿಸಿಬಿಟ್ಟಳು.

"ಅಯ್ಯೋ, ಎಳ್ಕೊಂಡಾದ್ರೂ ಹೋಗೇ!" ಅಣ್ಣ ಕೂಗಿದ. ತಮಾಷೆಯ ದನಿಯಾಗಿರಲಿಲ್ಲ ಅದು.

ಅತ್ತಿಗೆ ತಿರುಗಿಯೂ ನೋಡಲಿಲ್ಲ. ಉದ್ದಕ್ಕೆ ಉಸಿರು ಎಳೆದಳು. ಹಿಮ್ಮಡಿ ಊರಿ, ಮಂಡಿ ಬಗ್ಗಿಸಿ, ಬೊಂಬೆಯನ್ನು ಮಗುವಿನ ಹಾಗೆ ಎದೆಗವಚಿಕೊಂಡು ಎದ್ದಳು. ಗೆರೆ ದಾಟುವುದಕ್ಕೂ ಸೀಟಿ ಊದುವುದಕ್ಕೂ ಸರಿಹೋಯಿತು.

"ಮಧ್ಯದಲ್ಲಿ ಯಾಕಮ್ಮ ಇಳಿಸಿದ್ದು?" ಕೇಳಿದರು ಅಧಿಕಾರಿ.

"ಇಳಿಸ್ದೇ ಇದ್ದಿದ್ರೆ ನಮ್ಮಿಬ್ಬರನ್ನೂ ಹೊರೋಕೆ ಮೂರನೆಯವರು ಬೇಕಾಗ್ತಿತ್ತು ಸಾರ್."

ಅಧಿಕಾರಿ ನಗಲಿಲ್ಲ. ಕೈಯಲ್ಲಿದ್ದ ಗಡಿಯಾರವನ್ನು ಇನ್ನೊಮ್ಮೆ ನೋಡಿ, ಆಯ್ಕೆಯಾದವರ ಸಾಲಿನ ಕಡೆ ಬೆರಳು ತೋರಿಸಿದರು. ಅತ್ತಿಗೆ ಅತ್ತ ನಡೆದಳು. ಅಣ್ಣ ಬೇಲಿಯ ತಂತಿ ಹಿಡಿದುಕೊಂಡೇ ಅಳುತ್ತಿದ್ದ, ಕಣ್ಣು ಒರೆಸಿಕೊಳ್ಳುವುದನ್ನೂ ಮರೆತು.