ಆರು ಗಂಟಿನ ಕುರ್ಚಿ

ನಾಟಕಮಂದಿರದ ಮ್ಯಾನೇಜರ್ ಮೇಡಂ ಅಂಗಡಿಯ ಮೆಟ್ಟಿಲು ಇಳಿದು ಹೋದ ಮೇಲೆ ತಂಗಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೂರಿಪ್ಪತ್ತು ಸೀಟು. ಮಂದಿರದ ಅಷ್ಟೂ ಸೀಟಿಗೆ ಹೊಸ ಸ್ಪ್ರಿಂಗು, ಹೊಸ ಹೊದಿಕೆ. ಒಂದು ಸೋಫಾ ಬಂದರೆ ಅದಕ್ಕೇ ಹಿಗ್ಗಿ ಹೀರೇಕಾಯಿಯಾಗುವ ಅಂಗಡಿ ಇದು. ಅಕ್ಕ ತಂಗಿ ಇಬ್ಬರೇ ಕುರ್ಚಿ, ಸೋಫಾಗಳಿಗೆ ಮೆತ್ತೆ ಕೂರಿಸಿ ಹೊದಿಕೆ ಹೊಲಿಯುವ ಜಾಗ.

"ಕೊಡ್ತೀನಿ ಅಂದ್ರಾ?" ಅಕ್ಕ ಸುತ್ತಿಗೆ ಕೆಳಗಿಡದೆ ಕೇಳಿದಳು. ತುಟಿಯ ನಡುವೆ ನಾಲ್ಕು ಮೊಳೆ ಕಚ್ಚಿಕೊಂಡಿದ್ದಳು. ಆದರೂ ಮಾತು ಸ್ಪಷ್ಟವಾಗಿತ್ತು, ಇಪ್ಪತ್ತು ವರ್ಷದ ಅಭ್ಯಾಸ.

"ಕೊಡ್ತೀನಿ ಅನ್ನಲಿಲ್ಲ. ನಮ್ಮ ಬಗ್ಗೆ ಗಿರಾಕಿಗಳು ಎಲ್ಲಿ ರಿವ್ಯೂ ಬರೆದಿದ್ದಾರೆ, ಲಿಂಕ್ ಕಳಿಸಿ ಅಂದ್ರು. ಶುಕ್ರವಾರ ಸಂಜೆ ಐದರೊಳಗೆ. ಹೋದ ಸಲ ಯಾರಿಗೋ ಐದು ನಕ್ಷತ್ರ ಇದೆ ಅಂತ ನಂಬಿ ಕೆಲಸ ಕೊಟ್ಟು, ಮೂರೇ ತಿಂಗಳಿಗೆ ಸೀಟೆಲ್ಲ ಕುಸಿದು ಹೋದ್ವಂತೆ."

"ನಮಗೆ ಎಲ್ಲಿದೆ ರಿವ್ಯೂ?"

"ಎಲ್ಲೂ ಇಲ್ಲ. ಇವತ್ತು ಮಂಗಳವಾರ ಅಲ್ವಾ, ಮಾಡಿದ್ರಾಯ್ತು."

ಅಕ್ಕ ಮೊಳೆಗಳನ್ನು ಅಂಗೈಗೆ ಉಗುಳಿದಳು. ಅವಳು ಹೇಳದಿದ್ದರೂ ಅವಳ ತಲೆಯಲ್ಲಿ ಓಡುತ್ತಿದ್ದುದು ತಂಗಿಗೆ ಗೊತ್ತಿತ್ತು. ಹನ್ನೆರಡು ವರ್ಷ ಇಬ್ಬರೂ ಪೇಟೆಯ ದೊಡ್ಡಂಗಡಿಗೆ ಹೊಲಿದುಕೊಟ್ಟಿದ್ದರು. ಕೆಲಸ ಇವರದು, ಸೀಟಿನಡಿಯ ಲೇಬಲ್ಲು ಅವರದು. ಆರು ತಿಂಗಳ ಹಿಂದೆ, "ಸಾಕು ಅಕ್ಕ, ಇನ್ನು ನಮ್ಮ ಹೆಸರಲ್ಲೇ ಹೊಲಿಯೋಣ" ಎಂದು ಹಟ ಹಿಡಿದು ಹೊರಗೆ ಎಳೆದು ತಂದವಳು ತಂಗಿಯೇ. ಇಬ್ಬರ ಹೆಸರೂ ನೇಯ್ದ ಸಾವಿರ ಲೇಬಲ್ಲನ್ನು ಆವತ್ತೇ ಮಾಡಿಸಿದ್ದಳು. ಡಬ್ಬಿ ಕಪಾಟಿನ ಮೇಲಿತ್ತು, ಮೂವತ್ತೂ ಖರ್ಚಾಗಿರಲಿಲ್ಲ. ಹೋದ ವಾರ ದೊಡ್ಡಂಗಡಿಯವರು, ವಾಪಸ್ಸು ಬನ್ನಿ ಎಂದು ಹೇಳಿಕಳಿಸಿದ್ದರು. ಈ ತಿಂಗಳು ನೋಡೋಣ, ಆಗದಿದ್ದರೆ ಹೋಗೋಣ ಎಂದು ಅಕ್ಕ ಹೇಳಿದ್ದಳು.

ಮಧ್ಯಾಹ್ನದೊಳಗೆ ತಂಗಿ ಮೂರು ರಿವ್ಯೂ ತಾಣಗಳನ್ನು ಹುಡುಕಿ ತೆಗೆದಳು. ಮೊದಲನೆಯದರ ಪ್ರತಿನಿಧಿ ಫೋನಿನಲ್ಲಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದ. ದುಡ್ಡು ಕಟ್ಟಿ ಅವರ 'ಚಿನ್ನದ ಯೋಜನೆ'ಗೆ ಸೇರಿದ ದಿನವೇ ಐವತ್ತು ರಿವ್ಯೂ ಬರುತ್ತವಂತೆ, ಎಲ್ಲ ಐದು ನಕ್ಷತ್ರದವು.

"ಐವತ್ತು ಜನ ಯಾರು ಸರ್? ನಮಗೆ ಅಷ್ಟು ಗಿರಾಕಿನೇ ಇಲ್ಲ."

"ಅದನ್ನ ನಮಗೆ ಬಿಡಿ ಮೇಡಂ."

ಬಿಡೋಣ ಅಂತಲೇ ತಂಗಿಗೆ ಅನಿಸಿತು, ಸುಳ್ಳು ಯಾಕೆ. ಐವತ್ತು ಸಾಲು ನಕ್ಷತ್ರ ಕಣ್ಣ ಮುಂದೆ ಮಿನುಗಿ ಅವಳ ಕೆನ್ನೆ ಬಿಸಿಯಾಯಿತು.

"ಮಗುಚಿ ನೋಡಿದ್ಯಾ?" ಎಂದಳು ಅಕ್ಕ.

ಇದು ಅಕ್ಕನ ಹಳೇ ಮಾತು. ಯಾವ ಕುರ್ಚಿ ಬಂದರೂ ಅವಳು ಅದರ ಮುಖ ನೋಡುವುದಿಲ್ಲ. ಮೊದಲು ತಲೆಕೆಳಗು ಮಾಡಿ ಅಡಿ ನೋಡುತ್ತಾಳೆ. ಕೆಲಸ ಮುಗಿದ ಮೇಲೂ ಅಷ್ಟೇ, ಮಗುಚಿ, ಒತ್ತಿ, ಎಲ್ಲ ಸರಿಯಿದ್ದರೆ ಮಾತ್ರ ತನ್ನ ಕೈಯಾರೆ ಲೇಬಲ್ಲು ಹೊಲಿಯುತ್ತಾಳೆ. ಆ ಸೂಜಿಯನ್ನು ತಂಗಿಗೆ ಕೊಟ್ಟದ್ದೇ ಇಲ್ಲ.

"ರಿವ್ಯೂ ತಾಣನ ಹೇಗೆ ಮಗುಚೋದು?"

"ನಂಗೇನು ಗೊತ್ತು. ಹೊಗಳಿಕೆ ಎಲ್ಲರೂ ಇಟ್ಕೋತಾರೆ. ಬೈಗುಳನ ಏನು ಮಾಡ್ತಾರೆ ನೋಡು."

ತಂಗಿಯ ತಲೆಯಲ್ಲಿ ದೀಪ ಹತ್ತಿದ್ದು ಆಗಲೇ. ಮೂರೂ ಕಡೆ ಅಂಗಡಿಯನ್ನು ನೋಂದಾಯಿಸಿ, ಗಿರಾಕಿಯ ಸೋಗಿನಲ್ಲಿ ತಮ್ಮ ಅಂಗಡಿಯನ್ನು ತಾನೇ ಬೈಯಲು ಹೊರಟಳು. ಆದರೆ ಬರೆಯಲು ಕೂತರೆ ಸುಳ್ಳು ಬೈಗುಳ ಬೆರಳಿಗೆ ಬರಲಿಲ್ಲ. ಕೊನೆಗೆ ಒಂದು ನಿಜ ಬಂತು. ಅಕ್ಕನಿಗೂ ಹೇಳದ ನಿಜ. "ಕುರ್ಚಿ ನೋಡಲು ಚೆನ್ನಾಗಿದೆ. ಆದರೆ ಸ್ಪ್ರಿಂಗು ಕದಲದಂತೆ ದಾರದಲ್ಲಿ ಎಂಟು ಗಂಟು ಬಿಗಿಯುವ ಬದಲು ಆರೇ ಗಂಟು ಹಾಕಿದ್ದಾರೆ." ಒಂದು ನಕ್ಷತ್ರ ಕೊಟ್ಟಳು. ಮೂರನೆಯ ತಾಣ ಬಿಲ್ ನಂಬರ್ ಕೇಳಿತು. ಬಿಲ್ ಪುಸ್ತಕ ತೆಗೆದು, ಆ ಕುರ್ಚಿ ಮಾಡಿಸಿಕೊಂಡಿದ್ದ ಗಡಿಯಾರ ರಿಪೇರಿ ತಾತನ ಬಿಲ್ಲಿನ ನಂಬರ್ ಹಾಕಿದಳು.

ಬುಧವಾರ ಬೆಳಿಗ್ಗೆಯಿಂದ ತಂಗಿ ಫೋನಿಗೆ ಕಣ್ಣು ಕೀಲಿಸಿ ತುದಿಗಾಲಲ್ಲಿ ನಿಂತಿದ್ದಳು. ಹತ್ತು ಗಂಟೆಗೆ ಚಿನ್ನದ ಯೋಜನೆಯವನ ಕರೆ ಬಂತು. "ಮೇಡಂ, ಯಾರೋ ನಿಮಗೆ ಕೆಟ್ಟದಾಗಿ ಬರೆದಿದ್ದಾರೆ. ಚಿನ್ನಕ್ಕೆ ಸೇರಿದ್ರೆ ಈಗಲೇ ಅಳಿಸಿಬಿಡ್ತೀವಿ." ತಂಗಿ ನಗು ತಡೆದುಕೊಂಡು ಫೋನಿಟ್ಟಳು. ಎರಡನೆಯ ತಾಣದಲ್ಲಿ ಬೈಗುಳ ಹನ್ನೊಂದಕ್ಕೆ ಇತ್ತು, ಹನ್ನೆರಡಕ್ಕೆ ಹೇಳದೆ ಕೇಳದೆ ಮಾಯವಾಯಿತು. ಒಂದರ ಅಡಿ ಕೊಳೆತಿತ್ತು, ಇನ್ನೊಂದಕ್ಕೆ ಅಡಿಯೇ ಇರಲಿಲ್ಲ. ತಂಗಿ ಕುಣಿಯುವುದೊಂದು ಬಾಕಿ.

ಆಗ ಅಂಗಡಿಯ ಫೋನ್ ರಿಂಗಾಯಿತು. ಅಕ್ಕನ ಎರಡೂ ಕೈಗೆ ಗೋಂದು ಮೆತ್ತಿತ್ತು. ಮೊಣಕೈಯಿಂದ ಸ್ಪೀಕರ್ ಒತ್ತಿದಳು. ಮೂರನೆಯ ತಾಣದಲ್ಲಿ ರಿವ್ಯೂ ಪರಿಶೀಲಿಸುವ ಹೆಂಗಸು.

"ಈ ಬಿಲ್ ನಿಮ್ಮ ಅಂಗಡಿದೇ ತಾನೇ? ಗಡಿಯಾರ ರಿಪೇರಿಯವರ ಕುರ್ಚಿ?"

"ನಮ್ಮದೇ."

"ಇದರ ಮೇಲೆ ಒಂದು ರಿವ್ಯೂ ಬಂದಿದೆ. ಸ್ಪ್ರಿಂಗಿಗೆ ಆರೇ ಗಂಟು ಅಂತ. ನಮ್ಮಪ್ಪನೂ ಕುರ್ಚಿ ಹೊಲೀತಿದ್ರು ಮೇಡಂ. ಹೊದಿಕೆ ಬಿಚ್ಚದೆ ಆ ಗಂಟು ಯಾವ ಗಿರಾಕಿಗೂ ಕಾಣಲ್ಲ. ಇದನ್ನ ಬರೆದಿರೋದು ನಿಮ್ಮ ಕಡೆಯವರೇ. ನಾವು ಹಾಕಲ್ಲ. ಇನ್ನೊಂದು ಸಲ ಹೀಗೆ ಮಾಡಿದ್ರೆ ಅಂಗಡಿನೇ ಪಟ್ಟಿಯಿಂದ ತೆಗೀತೀವಿ."

ಫೋನ್ ಕಟ್ಟಾಯಿತು. ತಂಗಿಗೆ ಅರ್ಧ ಸಂತೋಷ, ಅರ್ಧ ಭಯ. ಸಿಕ್ಕಿತು, ಬೇಕಾದ ತಾಣ ಸಿಕ್ಕಿತು. ಜೊತೆಗೆ ತಾನೂ ಸಿಕ್ಕಿಬಿದ್ದಿದ್ದಳು.

"ಯಾವ ಆರು ಗಂಟು?" ಎಂದಳು ಅಕ್ಕ.

"ನಿಂಗೆ ಜ್ವರ ಬಂದು ಮಲಗಿದ್ಯಲ್ಲ, ಆವತ್ತು. ತಾತ ಎರಡು ಸಲ ಬಂದು ಕೇಳಿದ್ರು. ಅವಸರದಲ್ಲಿ ಒಂದೊಂದು ಸ್ಪ್ರಿಂಗಿಗೂ ಆರೇ ಹಾಕಿ ಹೊದಿಕೆ ಮುಚ್ಚಿಬಿಟ್ಟೆ. ಲೇಬಲ್ಲೂ ನಾನೇ ಹೊಲಿದೆ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ತಂಗಿಗೆ ಹಗುರವಾಗುತ್ತಿತ್ತು. ಅಕ್ಕ ಕೈಯ ಗೋಂದನ್ನು ಬಟ್ಟೆಗೆ ಒರೆಸಿಕೊಂಡು, "ಹೋಗಿ ಕುರ್ಚಿ ತಗೊಂಬಾ. ಯಾಕೆ ಅಂತ ಕೇಳಿದ್ರೆ ನಿಜ ಹೇಳು" ಎಂದಷ್ಟೇ ಹೇಳಿದಳು.

ಎರಡು ಬೀದಿಯಾಚೆ ಗಡಿಯಾರ ರಿಪೇರಿ ತಾತ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅದೇ ಕುರ್ಚಿಯಲ್ಲಿ ಕೂತಿದ್ದ. ತಂಗಿ ಮೇಲುಸಿರು ಬಿಡುತ್ತಾ ಎಲ್ಲವನ್ನೂ ಒದರಿದಳು. ತಾತ ಗೋಡೆಯ ಗಡಿಯಾರ ನೋಡಿದ.

"ಕುರ್ಚಿ ಚೆನ್ನಾಗೇ ಇದೆಯಲ್ಲಮ್ಮ."

"ಈಗ ಚೆನ್ನಾಗಿದೆ ತಾತ. ಇನ್ನು ಆರು ತಿಂಗಳಿಗೆ ಕುಸಿಯುತ್ತೆ."

"ಹಾಗಾದ್ರೆ ಮತ್ತೆ ಸ್ಟೂಲ್ ಮೇಲೆ ಕೂರಬೇಕಾ?"

"ಬರೀ ಶುಕ್ರವಾರ ಬೆಳಿಗ್ಗೆವರೆಗೆ."

ಗುರುವಾರವಿಡೀ ತಂಗಿ ಆ ಸೀಟನ್ನು ಬಿಚ್ಚಿ, ಸ್ಪ್ರಿಂಗಿಗೆ ಎಂಟೂ ಕಡೆಯಿಂದ ದಾರ ಎಳೆದು ಗಂಟು ಬಿಗಿದಳು. ಬೆರಳು ಕೆಂಪಾದರೂ ಗಮನವಿಲ್ಲ. ಒಂದೊಂದು ಗಂಟಿಗೂ ಗಟ್ಟಿಯಾಗಿ ಲೆಕ್ಕ ಹೇಳಿದಳು. ಅಕ್ಕ ಪಕ್ಕದಲ್ಲೇ ಕೆಲಸ ಮಾಡುತ್ತಾ, ಕೇಳಿಸದವಳ ಹಾಗೆ ಎಲ್ಲವನ್ನೂ ಕೇಳಿಸಿಕೊಂಡಳು.

ಶುಕ್ರವಾರ ಬೆಳಿಗ್ಗೆ ಕುರ್ಚಿ ಒಪ್ಪಿಸುವಾಗ ತಂಗಿ ಮೆಲ್ಲಗೆ, "ತಾತ, ಮನಸ್ಸಿಗೆ ಬಂದಿದ್ದು ಎರಡು ಸಾಲು ಬರೀತೀರಾ?" ಎಂದು ತಾಣವನ್ನು ತೋರಿಸಿದಳು. ಸಂಜೆ ನಾಲ್ಕಕ್ಕೆ, ಪರಿಶೀಲನೆ ಮುಗಿದು, ಅಂಗಡಿಯ ಮೊದಲ ರಿವ್ಯೂ ಪ್ರಕಟವಾಯಿತು.

ತಂಗಿ ಓದಿದಳು. ಅವಳ ಮುಖ ಇಳಿಯಿತು.

"ಓದೇ ಗಟ್ಟಿಯಾಗಿ."

"'ಎರಡು ಸಲ ಕುರ್ಚಿ ತಗೊಂಡು ಹೋದರು. ಒಟ್ಟು ಆರು ದಿನ ಒಂಬತ್ತು ಗಂಟೆ ಸ್ಟೂಲಿನ ಮೇಲೆ ಕೂತಿದ್ದೇನೆ. ಸೊಂಟ ಹಿಡಿದಿದೆ. ಎರಡನೇ ಸಲ ನಾನು ಕರೆದಿರಲಿಲ್ಲ. ಒಳಗೆ ಗಂಟು ಕಡಿಮೆ ಬಿದ್ದಿದೆ ಅಂತ ತಾವೇ ಬಂದು ಹೇಳಿದರು. ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಸೊಂಟದ ಲೆಕ್ಕಕ್ಕೆ ಎರಡು ನಕ್ಷತ್ರ ಕಳೆದಿದ್ದೇನೆ.' ಮೂರು ನಕ್ಷತ್ರ ಅಕ್ಕ. ಇರೋದೇ ಒಂದು ರಿವ್ಯೂ, ಅದಕ್ಕೆ ಮೂರು. ಅಳಿಸೋಕೂ ಬರಲ್ಲ, ಉತ್ತರ ಬರೀಬಹುದಂತೆ ಅಷ್ಟೇ."

ನಾಲ್ಕೂವರೆಗೆ ಚಿನ್ನದ ಯೋಜನೆಯವನು ಮತ್ತೆ ಕರೆ ಮಾಡಿದ. ಹತ್ತೇ ನಿಮಿಷ ಮೇಡಂ, ಐವತ್ತೂ ರೆಡಿ ಇವೆ. ತಂಗಿ ಅಕ್ಕನ ಕಡೆ ನೋಡಿದಳು. ಅಕ್ಕ ಬಾಯಿಗೆ ಮೊಳೆ ತುಂಬಿಕೊಂಡು ಕೆಲಸಕ್ಕೆ ಬಗ್ಗಿದಳು, ತೀರ್ಮಾನ ನಿನ್ನದು ಎಂಬಂತೆ. ಕಪಾಟಿನ ಮೇಲೆ ಲೇಬಲ್ಲಿನ ಡಬ್ಬಿ ಕೂತಿತ್ತು. ಆ ಐವತ್ತು ಸಾಲು ನಕ್ಷತ್ರದ ಅಡಿಯಲ್ಲೂ ಗಿರಾಕಿಗೆ ಕಾಣದ ಆರು ಗಂಟೇ ಇರುವುದು ಎಂದು ತಂಗಿಗೆ ಹೊಳೆಯಿತು.

"ಬೇಡ ಸರ್," ಎಂದಳು. ತಾತನ ಮೂರು ನಕ್ಷತ್ರದ ಲಿಂಕನ್ನು ಮ್ಯಾನೇಜರ್ ಮೇಡಂಗೆ ಕಳಿಸಿದಳು. ಐದಕ್ಕೆ ಹನ್ನೆರಡು ನಿಮಿಷ ಬಾಕಿ ಇತ್ತು.

ಐದಾಯಿತು, ಉತ್ತರವಿಲ್ಲ. ಐದೂಕಾಲಾಯಿತು. ತಂಗಿ ಕತ್ತರಿ ಎತ್ತಿಟ್ಟು, ಮತ್ತೆ ತೆಗೆದು, ಮತ್ತೆ ಇಟ್ಟಳು. ಐದೂವರೆಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಮ್ಯಾನೇಜರ್ ಮೇಡಂ ಒಳಗೆ ಬಂದವರೇ ನಮಸ್ಕಾರವನ್ನೂ ಹೇಳದೆ, ಹೊಲಿದಿಟ್ಟಿದ್ದ ಒಂದು ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು ತಲೆಕೆಳಗು ಮಾಡಿದರು. ಅಕ್ಕನ ಹುಬ್ಬು ಮೇಲೇರಿತು.

"ಗಂಟು ಕಡಿಮೆ ಹಾಕಿದ್ದು ಯಾರು?" ಮೇಡಂ ಅಡಿಯನ್ನು ಒತ್ತಿ ನೋಡುತ್ತಲೇ ಕೇಳಿದರು.

"ನಾನು," ಎಂದಳು ತಂಗಿ.

"ಹೋಗಿ ಹೇಳಿದ್ದು?"

"ಅದೂ ನಾನೇ."

"ನಮ್ಮ ಕುಸಿದ ಸೀಟು ಹೊಲಿದವರಿಗೆ ಐದು ನಕ್ಷತ್ರದ ಇನ್ನೂರು ರಿವ್ಯೂ ಇದ್ವು. ಒಬ್ಬರೂ ಬಂದು ಹೇಳಲಿಲ್ಲ." ಮೇಡಂ ಕುರ್ಚಿಯನ್ನು ನೆಟ್ಟಗೆ ಮಾಡಿ ಅದರ ಮೇಲೆಯೇ ಕೂತರು. "ಸೋಮವಾರದಿಂದ ಶುರು ಮಾಡಿ. ಹತ್ತು ಹತ್ತು ಸೀಟು ಕಳಿಸ್ತೀನಿ. ಎಷ್ಟು ಗಂಟು ಹಾಕ್ತೀರಾ?"

"ಎಂಟು," ಎಂದರು ಅಕ್ಕ ತಂಗಿ ಒಟ್ಟಿಗೆ.

ಮೇಡಂ ಹೋದ ಮೇಲೆ ತಂಗಿ ನಿಜಕ್ಕೂ ಕುಣಿದಳು. ಹತ್ತಿಯ ಮೂಟೆಯ ಸುತ್ತ ಮೂರು ಸುತ್ತು ಹಾಕಿ, ಸ್ಪ್ರಿಂಗಿನ ಬುಟ್ಟಿ ಒದ್ದು ಉರುಳಿಸಿದಳು. ಅಕ್ಕ ಬೈಯುತ್ತಾ ಸ್ಟೂಲ್ ಹತ್ತಿ ಲೇಬಲ್ಲಿನ ಡಬ್ಬಿ ಇಳಿಸಿದಳು. ಮೇಲಿನ ಧೂಳು ಊದಿ, ಒಂದು ಲೇಬಲ್ಲು ಎತ್ತಿಕೊಂಡು, ಸೂಜಿಗೆ ದಾರ ಪೋಣಿಸಿದಳು. ಮೇಡಂ ಕೂತಿದ್ದ ಕುರ್ಚಿಗೆ ಅದೊಂದು ಬಾಕಿ ಇತ್ತು.

"ಬಾ ಇಲ್ಲಿ, ಪಟಾಕಿ."

ತಂಗಿ ಬಂದಳು. ಅಕ್ಕ ಕುರ್ಚಿಯನ್ನು ಮಗುಚಲಿಲ್ಲ. ಸೂಜಿಯನ್ನು ತಂಗಿಯ ಕೈಗೆ ಕೊಟ್ಟಳು.

"ಇನ್ಮೇಲೆ ಮಗುಚಿ ನೋಡೋದು ನಿನ್ನ ಕೆಲಸ. ಲೇಬಲ್ಲೂ ನೀನೇ ಹೊಲಿ."