ಗೋಪಾಲಸ್ವಾಮಿಗೆ ಹೇಳದ ಹರಕೆ

ನಲವತ್ತೆರಡು ಕಿಲೋಮೀಟರ್ ಓಡಿದೆ ಅಂದರೆ ಹೇಗೆ ಓಡಿದೆ ಅಂತ ಯಾರೂ ಕೇಳುವುದಿಲ್ಲ, ಯಾಕೆ ಅಂತ ಕೇಳುತ್ತಾರೆ. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಸಿಟ್ಟಿಗೆ.

ನಾನು ಚಾಮುಂಡಿ. ವಯಸ್ಸು ನಲವತ್ಮೂರು. ಚಾಮರಾಜನಗರದ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಯವಳು. ಪೊಲೀಸ್ ಕೆಲಸಕ್ಕೆ ಅಂತ ಓಟ ಕಲಿಯುವ ಹುಡುಗಿಯರು ಬೆಳಗ್ಗೆ ಮೈದಾನಕ್ಕೆ ಹೋಗುವಾಗ ಜೊತೆಗೊಬ್ಬ ಹೆಂಗಸು ಇರಲಿ ಅಂತ ವಾರ್ಡನ್ ನನ್ನನ್ನು ಕಳಿಸಿದರು. ಸುಮ್ಮನೆ ಕೂತರೆ ಚಳಿ. ಹಾಗಾಗಿ ನಾನೂ ಓಡಿದೆ. ಎರಡು ವರ್ಷದಲ್ಲಿ ಹುಡುಗಿಯರು ಪೊಲೀಸಾಗಿ ಹೋದರು, ನನಗೆ ಓಟದ ಚಟ ಉಳಿಯಿತು. ನಮ್ಮ ಹರದನಹಳ್ಳಿಯಿಂದ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿಗೆ ಹೆಚ್ಚುಕಮ್ಮಿ ಮ್ಯಾರಥಾನಿನಷ್ಟೇ ದೂರ ಅಂತ ಅವರಲ್ಲೊಬ್ಬಳು ಫೋನಿನಲ್ಲಿ ಅಳೆದು ತೋರಿಸಿದ್ದಳು.

ಊಟಕ್ಕೆ ಕೂತಾಗ, ಅಷ್ಟು ದೂರ ಓಡುತ್ತೇನೆ ಅಂದೆ. ನಮ್ಮ ಯಜಮಾನರು ದೇವರಾಜು ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ಮುದ್ದೆ ಮುರಿಯುತ್ತಾ ಪಟ್ಟಿ ಒಪ್ಪಿಸಿದರು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಪೇಪರ್ ಬಿಟ್ಟು ಎದ್ದು ಬಂದದ್ದು, ಹೊಲಿಗೆ ಕ್ಲಾಸಿನಿಂದ ಒಂದೇ ತೋಳಿನ ರವಿಕೆ ತಂದದ್ದು, ಸೈಕಲ್ ಹತ್ತಲು ಕಲಿತು ಇಳಿಯಲು ಕಲಿಯದೇ ಬಿಟ್ಟದ್ದು. "ನೀನು ಕಡೆಗಂಟ ಮಾಡಿರ ಒಂದ್ ಕೆಲ್ಸ ಯೋಳಮ್ಮಿ," ಅಂದರು. ಯೋಚಿಸಿದೆ. ಒಂದೂ ಸಿಗಲಿಲ್ಲ. ಮೈಯೆಲ್ಲ ಉರಿದುಹೋಯಿತು. ಸುಳ್ಳು ಹೇಳಿದ್ದರೆ ಜಗಳಕ್ಕೆ ಬೀಳಬಹುದಿತ್ತು. ನಿಜ ಹೇಳಿದವರ ಜೊತೆ ಏನಂತ ಜಗಳವಾಡುವುದು? ಇದೊಂದನ್ನು ಮುಗಿಸದಿದ್ದರೆ ಕೇಳಿ ಅಂದುಬಿಟ್ಟೆ.

ಭಾನುವಾರ ಬೆಳಗ್ಗೆ ಐದಕ್ಕೆ ಹೊರಟೆ. ಮೈಮೇಲೆ ಚೂಡಿದಾರ್, ಕಾಲಿಗೆ ಹುಡುಗಿಯರು ಕೊಡಿಸಿದ್ದ ಬೂಟು. ಯಜಮಾನರು ನೀರು, ಬಾಳೆಹಣ್ಣು ಕಟ್ಟಿಕೊಂಡು ಟಿವಿಎಸ್‌ನಲ್ಲಿ ಹಿಂದೆ. ಎರಡು ಕಿಲೋಮೀಟರಿಗೊಮ್ಮೆ ಪಕ್ಕಕ್ಕೆ ಬಂದು ಹಿಂದಿನ ಸೀಟು ತಟ್ಟಿ ತೋರಿಸುವುದು. ನಾನು ಆ ಕಡೆ ತಿರುಗಿಯೂ ನೋಡಲಿಲ್ಲ.

ಚಾಮರಾಜನಗರ ದಾಟುವ ತನಕ ತೊಂದರೆಯಿಲ್ಲ. ಆಮೇಲೆ ಹಳ್ಳಿಗಳ ರಸ್ತೆ. ಹೆಂಗಸೊಬ್ಬಳು ಓಡುವುದನ್ನು ನೋಡಿಕೊಂಡು ಸುಮ್ಮನೆ ಹೋಗುವಷ್ಟು ಕಲ್ಲು ಮನಸ್ಸು ನಮ್ಮ ಕಡೆ ಯಾರಿಗೂ ಇಲ್ಲ. ಹಾಲಿನ ಕ್ಯಾನಿನವನು ನಿಲ್ಲಿಸಿದ. ಅರಿಶಿನ ಹೇರಿಕೊಂಡ ಟ್ರ್ಯಾಕ್ಟರಿನವನು ನಿಲ್ಲಿಸಿದ. ಕೈ ಅಡ್ಡ ಹಾಕಿದರೂ ನಿಲ್ಲದ ಬಸ್ಸು ಕೂಡ ಅವತ್ತು ತಾನಾಗೇ ನಿಂತಿತು. ಹೆಂಗಸರಿಗೆ ಫ್ರೀ ಇರುವಾಗ ನಿನಗೇನು ಬಂತು ಅಂತ ಕಂಡಕ್ಟರ್ ಬೈದೇ ಹೋದ.

ಹದಿನೆಂಟನೇ ಕಿಲೋಮೀಟರಿನಲ್ಲಿ ಒಂದು ಟೀ ಅಂಗಡಿ. ಅಲ್ಲಿ ಕೂತವರಿಗೆ ಕಂಡದ್ದು ಇಷ್ಟು: ಮುಂದೆ ಏದುಸಿರು ಬಿಡುತ್ತಾ ಓಡುತ್ತಿರುವ ಹೆಂಗಸು, ಹಿಂದೆ ಗಾಡಿಯಲ್ಲಿ ಬಿಡದೆ ಬರುತ್ತಿರುವ ಗಂಡಸು. ನಾಲ್ಕು ಜನ ಎದ್ದು ಟಿವಿಎಸ್ ಅಡ್ಡಗಟ್ಟಿದರು. ಅವರಲ್ಲಿ ದೊಡ್ಡವನು, ಹೆಗಲ ಮೇಲೆ ಟವೆಲಿನ ಶಾಂತಮಲ್ಲಪ್ಪ, ಯಜಮಾನರ ಕಾಲರಿಗೇ ಕೈ ಹಾಕಿದ. "ಎಂಡ್ರ ಬೆಳ್ಬೆಳಿಗ್ಗೆ ರೋಡಲ್ಲಿ ಅಟ್ಟಾಡುಸ್ಕಂಡ್ ಬತ್ತಿದ್ದೀಯಲ್ಲಾ, ನಾಚ್ಕೆ ಆಗಕಿಲ್ವಾ ನಿಂಗೆ?" ಯಜಮಾನರು ಮ್ಯಾರಥಾನು ಅಂದರು. ಕುಡಿದಿದ್ದಾನೆ ಕೂಡ ಅಂತ ಪಕ್ಕದವನು ತೀರ್ಪು ಕೊಟ್ಟ.

ಸತ್ಯ ಹೇಳುತ್ತೇನೆ, ಒಂದು ನಿಮಿಷ ಖುಷಿಯಾಗಿಯೇ ನೋಡಿದೆ. ಆಮೇಲೆ ವಾಪಸ್ ಓಡಿ ಬಂದು ಬಾಯಿಗೆ ಸಿಕ್ಕಿದ್ದು ಹೇಳಿದೆ: ಇದು ಹರಕೆ ಓಟ. ಯಾವ ದೇವರಿಗೆ ಅಂದರು. ಆ ದಿಕ್ಕಿನಲ್ಲಿ ನೆನಪಾದ ದೇವರು ಹಿಮವದ್ ಗೋಪಾಲಸ್ವಾಮಿ ಒಬ್ಬನೇ. ಹೇಳಿದ ತಕ್ಷಣ ಕೈಗಳೆಲ್ಲ ಕಾಲರ್ ಬಿಟ್ಟು ಮುಗಿದವು. ಆ ಬೆಟ್ಟ ಗುಂಡ್ಲುಪೇಟೆಯಿಂದಾಚೆಗೆ ಇನ್ನೂ ಇಪ್ಪತ್ತು ಕಿಲೋಮೀಟರ್ ಇದೆ ಅಂತ ಹೊಳೆದದ್ದು ಮತ್ತೆ ಓಡಲು ಶುರುಮಾಡಿದ ಮೇಲೆ.

ಶಾಂತಮಲ್ಲಪ್ಪ ಮುಂದಿನ ಊರಿಗೆ ಫೋನ್ ಮಾಡಿದ. ಆ ಊರಿನವರು ಅದರ ಮುಂದಿನ ಊರಿಗೆ. ಆಮೇಲೆ ನೋಡಿ ಮರ್ಯಾದೆ. ಕೊಡ ಇಟ್ಟುಕೊಂಡು ನಿಂತ ಹೆಂಗಸರು ನನ್ನ ಬೂಟಿನ ಮೇಲೇ ನೀರು ಸುರಿದು, ಕುಂಕುಮ ಇಟ್ಟು, ಕತ್ತಿಗೆ ಚೆಂಡುಹೂವಿನ ಹಾರ ಹಾಕಿದರು. ಒದ್ದೆ ಬೂಟು ಹೆಜ್ಜೆಗೊಮ್ಮೆ ಪಚಕ್ ಅನ್ನುತ್ತಿತ್ತು. ಯಜಮಾನರಿಗೆ ಮಾತ್ರ ಊರೂರಲ್ಲೂ ಕಾಫಿ, ಇಡ್ಲಿ. ಹರಕೆ ಯಾತಕ್ಕೆ ಅಂತ ಕೇಳಿದವರಿಗೆ ಈ ಮಹಾರಾಯರು ನಾಚಿಕೆಯಿಲ್ಲದೆ, ತಮ್ಮ ಆಯಸ್ಸು ಗಟ್ಟಿಯಾಗಲಿ ಅಂತ ಓಡುತ್ತಿದ್ದಾಳೆ ಅಂದಿದ್ದಾರೆ. ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು ಅಂತ ಜನ ಕೊಂಡಾಡಿದ್ದೇ ಕೊಂಡಾಡಿದ್ದು. ಆ ಸಿಟ್ಟಿನಲ್ಲೇ ಐದು ಕಿಲೋಮೀಟರ್ ಓಡಿದೆ.

ತೆರಕಣಾಂಬಿಯ ಹತ್ತಿರ, ಮೂವತ್ತನೇ ಕಿಲೋಮೀಟರಿಗೆ, ಸಿಟ್ಟೂ ಮುಗಿಯಿತು. ತೊಡೆ ಎರಡೂ ಗುಂಡುಕಲ್ಲು. ಬಸ್ಸಿಗೆ ಕಾಯುವ ಕಟ್ಟೆಯ ಮೇಲೆ ಕುಸಿದು, ಸಾಕು, ಗಾಡಿ ತನ್ನಿ ಅಂದೆ. ನೋಡಲು ಸೇರಿದ್ದ ಜನ ಗಾಡಿಗೆ ಅಡ್ಡ ನಿಂತರು. ಸ್ವಾಮಿಯ ಹರಕೆ ನಮ್ಮೂರಲ್ಲಿ ಮುರಿಯುವುದು ಬೇಡ, ಮುರಿಯಲೇಬೇಕಾದರೆ ಊರಾಚೆ ಹೋಗಿ ಮುರಿ ಅಂದರು. ಬೆಟ್ಟದ ತನಕ ಕಾವಲಿಗೆ ಬರುತ್ತೇವೆ ಅಂತ ಇಬ್ಬರು ಬೈಕ್ ಸ್ಟಾರ್ಟ್ ಮಾಡಿಕೊಂಡೇ ನಿಂತಿದ್ದರು. ಅಷ್ಟರಲ್ಲಿ ಬಸ್ಸಿಗೆ ಕಾಯುತ್ತಿದ್ದ ಪುಟ್ಟಮಾದಮ್ಮ ಅನ್ನುವ ಮುದುಕಿ, ನಮ್ಮವ್ವನಿಗಿಂತ ಹಿರಿಯಳು, ಬಗ್ಗಿ ನನ್ನ ಕಾಲು ಮುಟ್ಟಿದಳು.

ಅದನ್ನು ತಡೆದುಕೊಳ್ಳಲು ಆಗಲಿಲ್ಲ. "ಅರಕೆನೂ ಇಲ್ಲ ಏನೂ ಇಲ್ಲ ಕಣವ್ವ. ಸುಳ್ಳು ಯೋಳ್ಬುಟ್ಟೆ," ಅಂದೆ. "ಒಂದಾರ ಕೆಲ್ಸ ಮುಗುಸ್ಬೇಕು ಅಂತ ಆಸೆ ಇತ್ತು, ಅದ್ಕೆ ಓಡ್ದೆ."

ಜನ ಹಿಂದೆ ಸರಿದರು. ಒಬ್ಬಳು ಬಂದು ಹಾರ ಬಿಚ್ಚಿಕೊಂಡು ಹೋದಳು. ಐದೇ ನಿಮಿಷಕ್ಕೆ ಜಾಗ ಖಾಲಿ. ಯಜಮಾನರು ಗಾಡಿ ತಂದು ನಿಲ್ಲಿಸಿ, ಹತ್ತು, ಇನ್ನು ಯಾರೂ ಏನೂ ಅನ್ನುವುದಿಲ್ಲ ಅಂದರು. ಈ ಸಲ ಹಂಗಿಸಲಿಲ್ಲ, ಮೆತ್ತಗೇ ಹೇಳಿದರು. ನಾನು ಎದ್ದು ಒಂದು ಕಾಲು ಎತ್ತಿದೆ ಕೂಡ.

ಪುಟ್ಟಮಾದಮ್ಮ ಅಲ್ಲೇ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. "ದೇವ್ರಿಗೆ ಯೋಳ್ಕಂಡಿದ್ರೆ ತಪ್ಪು ಕಾಣ್ಕೆ ಕಟ್ಬುಟ್ಟು ಮನಗೋಗ್ಬೋದಾಗಿತ್ತು ಕಣವ್ವ," ಅಂದಳು. "ನಿಂಗೆ ನೀನೇ ಯೋಳ್ಕಂಡಿದ್ದೀಯಲ್ಲ, ಇದ್ಕೆ ತಪ್ಪು ಕಾಣ್ಕೆ ಎಲ್ಲಿ ಕಟ್ಟೀಯೆ?"

ಅಷ್ಟು ಹೇಳಿ, ಬಸ್ಸು ಬಂತು ಅಂತ ಹತ್ತಿ ಹೊರಟೇಹೋದಳು. ನನ್ನ ಎದೆಗೆ ಬೆಂಕಿ ಇಟ್ಟು ತಾನು ಕಿಟಕಿ ಪಕ್ಕ ಆರಾಮಾಗಿ ಕೂತಳು. ಎತ್ತಿದ ಕಾಲು ಇಳಿಸಿದೆ.

ಉಳಿದ ಹನ್ನೆರಡು ಕಿಲೋಮೀಟರನ್ನು ಓಟ ಅಂದರೆ ಪಾಪ ತಟ್ಟುತ್ತದೆ. ಓಡಿದೆ, ನಡೆದೆ, ಕುಂಟಿದೆ, ಒಂದು ಕಡೆ ನಿಂತು ಅತ್ತೆ. ಯಾರೂ ನೀರು ಸುರಿಯಲಿಲ್ಲ, ಕುಂಕುಮ ಇಡಲಿಲ್ಲ. ಕಡೆಯ ಎರಡು ಕಿಲೋಮೀಟರ್ ಯಜಮಾನರು ಇಂಜಿನ್ ಆಫ್ ಮಾಡಿ, ಗಾಡಿ ತಳ್ಳಿಕೊಂಡು ನನ್ನ ಪಕ್ಕದಲ್ಲೇ ಬಂದರು.

ಮಧ್ಯಾಹ್ನ ಹನ್ನೆರಡೂವರೆಗೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಮುಟ್ಟಿದೆ. ಊಟಿ ಬಸ್ಸಿಗೆ ಜನ ನುಗ್ಗುತ್ತಿದ್ದರು, ಒಬ್ಬರೂ ನನ್ನ ಕಡೆ ನೋಡಲಿಲ್ಲ. ಯಜಮಾನರು ಗಾಡಿಗೆ ಸ್ಟ್ಯಾಂಡ್ ಹಾಕಿ, ಫೋನ್ ನೋಡಿ, ನನ್ನ ಮುಖ ನೋಡಿ, "ಮುಗೀತಾ?" ಅಂತ ಕೇಳಿದರು.

"ಮುಗೀತು," ಅಂದೆ. ಅಡುಗೆ ಮುಗೀತು ಅಂತ ದಿನಕ್ಕೆ ಮೂರು ಸಲ ಹೇಳುವವಳು ನಾನು; ಅದು ಯಾವತ್ತೂ ಮುಗಿಯುವುದಿಲ್ಲ. ಇದು ಮುಗಿದಿತ್ತು. ಅವರಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಇನ್ನೊಂದು ಸಲ ಹೇಳಿದೆ.