ಹೂವಿನ ಬುಡದ ಹೀಚು

ಚಿತ್ರಶಾಲೆಗೆ ಬಂದವರಿಗೆ ಚಿತ್ರಗಳ ಅರ್ಥ ಬಿಡಿಸಿ ಹೇಳುವುದು ಅವನ ಕೆಲಸ. ಮೂರನೆಯ ಕೋಣೆಯ ಕುಂಬಳಬಳ್ಳಿಯ ಚಿತ್ರವಂತೂ ಹನ್ನೆರಡು ವರ್ಷಗಳಿಂದ ಬಾಯಿಪಾಠ. ಅವತ್ತು ತಮ್ಮನ ಕೆಲಸ ನೋಡಬೇಕೆಂದು ಅಕ್ಕ ಮೊದಲ ಸಲ ಬಂದಿದ್ದಳು. ತರಕಾರಿ ಬೆಳೆಯುವವಳು. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು, ಇನ್ನೊಂದು ಕೈಯಲ್ಲಿ ಕಳೆ ಕೀಳುತ್ತ ಸಾಕಿದವಳು. ಅವಳ ಚಪ್ಪಲಿಗೆ ಮೆತ್ತಿದ್ದ ಮಣ್ಣು ನೋಡಿ, "ಹಿಂದೆ ನಿಂತ್ಕೊ, ಮಾತಾಡಬೇಡ" ಎಂದಿದ್ದ.

ಗುಂಪು ಬಂತು. ಅವನು ಚಿತ್ರ ತೋರಿಸುವ ಕೋಲೆತ್ತಿದ.

"ಈ ಇಬ್ಬನಿ ಕ್ಷಣಿಕ ಸುಖ. ಎಲೆಯ ತೂತು ಕಾಲ ಕೊರೆದ ಗುರುತು. ಮುದುಡಿ ಜೋತುಬಿದ್ದ ಈ ಹೂವು ಸಾವು."

"ಅಯ್ಯೋ, ಸತ್ತಿಲ್ಲ ಕಣೋ ಅದು!" ಅಕ್ಕನಿಗೆ ತಡೆಯಲಾಗಲಿಲ್ಲ. "ಬಸುರಿ! ಬುಡದಲ್ಲಿ ನೋಡು, ಗೋಲಿಯಷ್ಟು ಹೀಚು. ಕಾಯಿ ಕಚ್ಚಿದ ಮೇಲೆ ಹೂವು ಬಾಯಿ ಮುಚ್ಕೊಳ್ಳುತ್ತೆ."

"ಬಸುರಿಗೆ ಹೆಣದ ಪಟ್ಟ ಕಟ್ಟಿಬಿಟ್ರಲ್ಲ ಸಾರ್!" ಎಂದ ಒಬ್ಬ. ಎಲ್ಲರೂ ನಕ್ಕರು.

ಅವನ ಕಿವಿ ಕಾದವು. "ಯಾರಮ್ಮ ನೀವು? ಸುಮ್ನೆ ನೋಡ್ಕೊಂಡು ಹೋಗಿ."

ಮಾತು ಕಲಿತಾಗಿನಿಂದ ಅಕ್ಕನನ್ನು ಅವನು 'ನೀವು' ಎಂದದ್ದು ಅದೇ ಮೊದಲು. ಅವಳು ಒಂದು ಗಳಿಗೆ ಅವನ ಮುಖ ನೋಡಿದಳು.

"ತಪ್ಪಾಯ್ತು ಸ್ವಾಮಿ" ಎಂದು ಬಾಗಿಲ ಪಕ್ಕದ ಬೆಂಚಿಗೆ ಹೋಗಿ ಕೂತು, ಚಪ್ಪಲಿಗಳನ್ನು ಬೆಂಚಿನಡಿಗೆ ಸರಿಸಿಕೊಂಡಳು.

ಗುಂಪು ಹೋದ ಮೇಲೆ ಅವನು ಚಿತ್ರದ ಹತ್ತಿರ ಬಗ್ಗಿ ನೋಡಿದ. ಹೀಚು ಇತ್ತು. ಅದರ ಮೈಮೇಲಿನ ಸಣ್ಣ ರೋಮಗಳನ್ನೂ ಬರೆದವನು ಬಿಟ್ಟಿರಲಿಲ್ಲ. "ಹೀಚಿಗೆ ಬೆರಳು ತೋರಿಸ್ಬೇಡ, ಕೊಳೆಯುತ್ತೆ" ಎಂದು ಅಕ್ಕ ಅವನ ಪುಟ್ಟ ಕೈಯನ್ನು ಹಿಡಿದು ಕೆಳಗಿಳಿಸುತ್ತಿದ್ದಳು. ಬೆಂಚಿನ ಕಡೆ ತಿರುಗಲು ಅವನಿಗೆ ಮುಖವಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಗುಂಪು ಬಂದು ನಿಂತಿತು. ಅವನು ಕೋಲನ್ನು ಗೋಡೆಗೆ ಒರಗಿಸಿದ.

"ಈ ಹೂವು ಸತ್ತ ಹಾಗೆ ಕಾಣುತ್ತೆ. ಸತ್ತಿಲ್ಲ, ಬಸುರಿ."

"ಯಾವ ಪುಸ್ತಕದಲ್ಲಿದೆ ಸಾರ್ ಇದು?" ಎಂದು ಒಬ್ಬಾಕೆ ಕೇಳಿದಳು.

ಅವನು ಬೆಂಚಿನ ಕಡೆ ತಿರುಗಿದ. "ಪುಸ್ತಕದ್ದಲ್ಲ. ನಮ್ಮಕ್ಕ ಹೇಳಿದ್ದು. ಅಲ್ಲಿ ಕೂತಿದಾಳೆ, ನೋಡಿ."

ಎಲ್ಲರೂ ತಿರುಗಿದರು. ಅಕ್ಕ ಗಾಬರಿಯಿಂದ ಎದ್ದು, ಬೇರೆ ಯಾರಾದರೂ ಇದ್ದಾರೇನೋ ಎಂಬಂತೆ ಹಿಂದಿನ ಗೋಡೆ ನೋಡಿದಳು. ಆಮೇಲೆ ತಮ್ಮನ ಇಸ್ತ್ರಿ ಅಂಗಿಯ ಮೇಲೆ ಕಣ್ಣಿಟ್ಟು, ಅವನ ಮಾನ ಕಾಯುವವಳಂತೆ ಅವಸರವಾಗಿ ಹೇಳಿದಳು:

"ನಾನಲ್ಲಮ್ಮ. ಇವರ್ಯಾರೋ, ನಾನ್ಯಾರೋ."